ಅಲುಗಾಡುವ ಕುರ್ಚಿ

ನಾನು ಕನ್ನಡದ ಉಪಾಧ್ಯಾಯ. ಆದರೆ 1988ರಲ್ಲಿ, ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿದ್ದಾಗ, ಕೆಲವು ತಿಂಗಳ ಕಾಲ ಇಂಗ್ಲಿಷನ್ನು ಕಲಿಸುವ ಹೊಣೆಯೂ ನನ್ನ ಪಾಲಿಗೆ ಬಂದಿತು. ಇಂಗ್ಲಿಷ್ ಉಪಾಧ್ಯಾಯರಿಗೆ ವರ್ಗವಾಗಿತ್ತು. ಅವರ ಸ್ಥಾನಕ್ಕೆ ಇನ್ನೂ ಯಾರೂ ಬಂದಿರಲಿಲ್ಲ. ಮುಖ್ಯೋಪಾಧ್ಯಾಯರು ನನ್ನನ್ನು ಕರೆದು, "ನೀವು ಎಂ.ಎ. ಮಾಡಿದವರು. ಒಂಬತ್ತನೆಯ ತರಗತಿಯನ್ನು ನೀವೇ ನೋಡಿಕೊಳ್ಳಿ" ಎಂದರು. ಆ ಎಂ.ಎ. ಕನ್ನಡದ್ದೆಂಬುದನ್ನು ಅವರೂ ನೆನೆಯಲಿಲ್ಲ, ನಾನೂ ನೆನಪಿಸಲಿಲ್ಲ.

ಆ ತರಗತಿಯಲ್ಲಿ ಉಪಾಧ್ಯಾಯರಿಗೆಂದು ಇದ್ದ ಕುರ್ಚಿಗೆ ಒಂದು ಕಾಲು ಗಿಡ್ಡ. ಕುಳಿತರೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತಿತ್ತು. ಒಂದು ದಿನ ಇನ್ನೇನು ಬಿದ್ದೇಬಿಟ್ಟೆನೆಂಬಷ್ಟರಲ್ಲಿ ಮೇಜನ್ನು ಹಿಡಿದುಕೊಂಡೆ. ಮಕ್ಕಳು ನಗುವನ್ನು ಕಷ್ಟಪಟ್ಟು ನುಂಗಿಕೊಂಡರು. ಆ ಪೇಚನ್ನೇ ಪಾಠವಾಗಿ ಮಾಡಿಕೊಂಡು, "ಈ ಕುರ್ಚಿಯನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ವಾಕ್ಯ ಹೇಳಿ" ಎಂದೆ. ಒಬ್ಬ ಹುಡುಗಿ ಎದ್ದು ನಿಂತು, "ದಿ ಚೇರ್ ಈಸ್ ಶೇಕ್" ಎಂದಳು.

ಈ ತಪ್ಪಿನ ಮೂಲ ನಮ್ಮ ಭಾಷೆಯ ರೀತಿಯಲ್ಲೇ ಇದೆ. ಅಸ್ಥಿರವಾದುದನ್ನು ಬಣ್ಣಿಸಲು ಕನ್ನಡಿಗರು ಬಹುಮಟ್ಟಿಗೆ ಕ್ರಿಯಾಪದವನ್ನೇ ಆಶ್ರಯಿಸುತ್ತೇವೆ. ಕುರ್ಚಿ ಅಲುಗಾಡುತ್ತದೆ, ಕೈ ನಡುಗುತ್ತದೆ, ಕುಡುಕ ತೂರಾಡುತ್ತಾನೆ, ಮನಸ್ಸು ಹೊಯ್ದಾಡುತ್ತದೆ. ವಿಶೇಷಣ ಬೇಕಾದಾಗಲೂ ಅದೇ ಧಾತುವಿನಿಂದ ‘ಅಲುಗಾಡುವ ಕುರ್ಚಿ’, ‘ನಡುಗುವ ಕೈ’ ಎಂದು ಕೃದಂತವನ್ನು ಮಾಡಿಕೊಳ್ಳುತ್ತೇವೆ. ಇಂಗ್ಲಿಷಿನಲ್ಲಿಯಾದರೋ ಇದಕ್ಕೆ ಬೇರೆಯಾದ ಗುಣವಾಚಕಗಳೇ ಇವೆ. ‘ಶೇಕ್’ ಎಂಬುದು ಕ್ರಿಯೆ; ‘ಶೇಕಿ’ ಎಂಬುದು ಗುಣ. ‘ಈಸ್’ ಎಂದು ಹೇಳಿದ ಮೇಲೆ ಅಲ್ಲಿ ಬರಬೇಕಾದುದು ಗುಣವಾಚಕ.

ಇಷ್ಟನ್ನು ವಿವರಿಸಿ, ಕಪ್ಪು ಹಲಗೆಯ ಮೇಲೆ ನಾಲ್ಕು ಪದಗಳನ್ನು ಬರೆದೆ. ‘ವಾಬ್ಲಿ’ ಎಂದರೆ ಅತ್ತಿತ್ತ ವಾಲುವಂಥದು: ಕಾಲು ಸಮವಿಲ್ಲದ ಕುರ್ಚಿ, ಬೀಳಲಿರುವ ಹಾಲುಹಲ್ಲು, ಆಗತಾನೆ ನಡೆಯಲು ಕಲಿತ ಮಗುವಿನ ಹೆಜ್ಜೆ. ‘ಶೇಕಿ’ ಎಂದರೆ ನಡುಗುವಂಥದು: ಮುದುಕರ ಕೈ, ಅಂಜಿದವನ ಧ್ವನಿ. ‘ರಿಕೆಟಿ’ ಎಂದರೆ ಕೀಲು ಸಡಿಲವಾಗಿ ಇಂದೋ ನಾಳೆಯೋ ಮುರಿದು ಬೀಳುವಂತಿರುವುದು: ಹಳೆಯ ಏಣಿ, ಶಿಥಿಲವಾದ ಮರದ ಸೇತುವೆ. ‘ಅನ್‌ಸ್ಟೆಡಿ’ ಎಂಬುದು ಸ್ಥಿರವಲ್ಲದ ಎಲ್ಲಕ್ಕೂ ಸಲ್ಲುವ ಸಾಮಾನ್ಯ ಪದ. "ಈ ಪದಗಳನ್ನು ಬಳಸಿ, ನಿಮ್ಮ ಮನೆಯಲ್ಲಿ ಕಂಡುದನ್ನು ಕುರಿತು ಐದು ವಾಕ್ಯಗಳನ್ನು ಬರೆದು ತನ್ನಿ" ಎಂದೆ.

ಮರುದಿನ ತಿದ್ದುತ್ತಿರುವಾಗ ಒಬ್ಬ ಹುಡುಗನ ಪುಸ್ತಕದಲ್ಲಿ ಒಂದು ವಾಕ್ಯ ಕಣ್ಣಿಗೆ ಬಿದ್ದಿತು: "ಮೈ ಗ್ರಾಂಡ್‌ಮದರ್ ಈಸ್ ರಿಕೆಟಿ." ಅದರ ಮೇಲೆ ಕೆಂಪು ಗೆರೆಯನ್ನೆಳೆದು ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ನಾನು ಅದನ್ನು ಗಟ್ಟಿಯಾಗಿ ಓದಿ, "ಏನಪ್ಪಾ, ನಿಮ್ಮ ಅಜ್ಜಿಗೆ ಮೊಳೆ ಹೊಡೆಯಲು ಬಡಗಿಯನ್ನು ಕರೆಸಬೇಕೇ?" ಎಂದುಬಿಟ್ಟೆ. ತರಗತಿ ಗೊಳ್ಳೆಂದು ನಕ್ಕಿತು. ಹುಡುಗ ತಲೆಯನ್ನು ತಗ್ಗಿಸಿದ. ಅಂದಿನಿಂದ ಅವನು ಪುಸ್ತಕವನ್ನು ತಿದ್ದಲು ಕೊಡಲಿಲ್ಲ. ಕೇಳಿದರೆ, "ಮರೆತು ಬಂದೆ, ಸಾರ್" ಎನ್ನುತ್ತಿದ್ದ.

ವಾರದ ಬಳಿಕ ಒಂದು ಸಂಜೆ ಅವನ ಮನೆಯ ಮುಂದೆ ಹಾದುಹೋಗುತ್ತಿದ್ದೆ. "ಮೇಷ್ಟ್ರೇ, ಹಾಗೇ ಹೋಗ್ತೀರಲ್ಲ, ಬನ್ನಿ" ಎಂದು ಒಳಗಿನಿಂದ ಕಂಚಿನಂಥ ಕಂಠವೊಂದು ಕೂಗಿತು. ಆಕೆಯೇ ಆ ಅಜ್ಜಿ. ಒಂದು ಕೈಯಿಂದ ಗೋಡೆಯನ್ನು ಹಿಡಿದು, ಇನ್ನೊಂದು ಕೈಯಲ್ಲಿ ಮಜ್ಜಿಗೆಯ ಲೋಟವನ್ನು ತಂದರು. ಹೆಜ್ಜೆ ಹೆಜ್ಜೆಗೂ ಮಂಡಿ ಮಡಿಸಿಹೋಗುವಂತಿತ್ತು. ಮೈಯ ಕೀಲುಗಳೆಲ್ಲ ಸಡಿಲವಾದಂತೆ ಕಾಣುತ್ತಿತ್ತು. ಹಿಂದೆಯೇ ಮೊಮ್ಮಗ, ಅವರು ಬಿದ್ದರೆ ಹಿಡಿಯಲು ಸಿದ್ಧನಾಗಿ, ಎರಡೂ ಕೈಗಳನ್ನು ಚಾಚಿಕೊಂಡು ಬರುತ್ತಿದ್ದ. ಹುಡುಗ ಕಣ್ಣಾರೆ ಕಂಡುದನ್ನೇ ಬರೆದಿದ್ದ. ಕಾಣದೆ ನಕ್ಕವನು ನಾನು. ಆ ಮಜ್ಜಿಗೆ ಗಂಟಲಲ್ಲಿ ಇಳಿಯಲಿಲ್ಲ.

ಅಂದು ರಾತ್ರಿ ನಿಘಂಟನ್ನು ತೆರೆದೆ. ‘ರಿಕೆಟಿ’ ಎಂಬ ಪದ ಮೊದಲು ಕುರ್ಚಿಗಾಗಲಿ ಏಣಿಗಾಗಲಿ ಹುಟ್ಟಿದುದಲ್ಲ. ಅದು ‘ರಿಕೆಟ್ಸ್’ ಎಂಬ ರೋಗದ ಹೆಸರಿನಿಂದ ಬಂದುದು. ಬಿಸಿಲೂ ವಿಟಮಿನ್ ‘ಡಿ’ಯೂ ಸಾಲದೆ ಮಕ್ಕಳ ಮೂಳೆಗಳು ಮೆದುವಾಗಿ, ಕಾಲುಗಳು ಬಾಗುವ ರೋಗವದು. ಫ್ರಾನ್ಸಿಸ್ ಗ್ಲಿಸನ್ ಎಂಬ ಇಂಗ್ಲಿಷ್ ವೈದ್ಯ 1650ರಲ್ಲಿಯೇ ಅದನ್ನು ಕುರಿತು ಲ್ಯಾಟಿನ್ ಭಾಷೆಯಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದ್ದ. ಮನುಷ್ಯರ ದುರ್ಬಲವಾದ ಕಾಲುಗಳನ್ನು ಹೇಳುತ್ತಿದ್ದ ಪದ ಮುಂದೆ ಕುರ್ಚಿಯ ಕಾಲುಗಳಿಗೂ ಹಬ್ಬಿತು. ಕೀಲುಗಳಲ್ಲಿ ಬಲವಿಲ್ಲದ ಮುದುಕರಿಗೂ ಆ ಪದ ಸಲ್ಲುವುದೆಂದು ನಿಘಂಟು ಹೇಳುತ್ತಿತ್ತು.

ಮರುದಿನ ತರಗತಿಯಲ್ಲಿ ನಡೆದುದನ್ನೆಲ್ಲ ಹೇಳಿ, "ಅಂದು ತಪ್ಪಿದವನು ನಾನು" ಎಂದೆ. ಹುಡುಗ ಮೆಲ್ಲನೆ ಎದ್ದು, "ಹಾಗಾದರೆ ನಾನು ಬರೆದದ್ದು ಸರಿಯೇ, ಸಾರ್?" ಎಂದು ಕೇಳಿದ.

"ತಪ್ಪಲ್ಲ. ಆದರೆ ಇಂದು ಆ ಪದ ಹೆಚ್ಚಾಗಿ ವಸ್ತುಗಳಿಗೆ ಸಲ್ಲುತ್ತದೆ. ಮನುಷ್ಯರಿಗೆ ಬಳಸಿದರೆ ಹಾಸ್ಯದಂತೆ ಕೇಳಿಸಬಹುದು. ‘ಅನ್‌ಸ್ಟೆಡಿ ಆನ್ ಹರ್ ಫೀಟ್’ ಎಂದರೆ ಹೆಜ್ಜೆ ಮಾತ್ರ ಸ್ಥಿರವಿಲ್ಲವೆಂದಾಗುತ್ತದೆ, ಅಜ್ಜಿಯ ಗೌರವವೂ ಉಳಿಯುತ್ತದೆ. ನಡೆಯುವ ರೀತಿಯನ್ನು ಹೇಳುವುದಾದರೆ ‘ಶಿ ವಾಕ್ಸ್ ಅನ್‌ಸ್ಟೆಡಿಲಿ’ ಎನ್ನಬೇಕು, ಅಲ್ಲಿ ಗುಣವಾಚಕ ಸಲ್ಲದು" ಎಂದೆ.

ಆ ದಿನ ಅವನು ತಾನಾಗಿಯೇ ಪುಸ್ತಕವನ್ನು ತಂದುಕೊಟ್ಟ. ಅದರಲ್ಲಿ ಎರಡು ವಾಕ್ಯಗಳಿದ್ದವು: "ಮೈ ಗ್ರಾಂಡ್‌ಮದರ್ ಈಸ್ ಅನ್‌ಸ್ಟೆಡಿ ಆನ್ ಹರ್ ಫೀಟ್. ಬಟ್ ಹರ್ ವಾಯ್ಸ್ ಈಸ್ ನಾಟ್ ಶೇಕಿ."

ಆ ಎರಡನೆಯ ವಾಕ್ಯವನ್ನು ನಾನು ಕಲಿಸಿರಲಿಲ್ಲ. ಅಜ್ಜಿಯಲ್ಲಿ ಯಾವುದು ಅಲುಗುತ್ತದೆ, ಯಾವುದು ಅಲುಗುವುದಿಲ್ಲ ಎಂಬುದನ್ನು ನೋಡಿ ಬಲ್ಲವನು ಮಾತ್ರ ಬರೆಯಬಹುದಾದ ವಾಕ್ಯವದು. ಪದವನ್ನು ಸರಿಯಾಗಿ ಬಳಸಬೇಕಾದರೆ ಮೊದಲು ನಿಘಂಟನ್ನಲ್ಲ, ಎದುರಿಗಿರುವುದನ್ನು ಚೆನ್ನಾಗಿ ನೋಡಬೇಕು. ಆಮೇಲೆ ನಿಘಂಟನ್ನೂ ನೋಡಬೇಕು. ‘ಶೇಕಿ’ ಎಂಬುದು ಕೈಗೆ, ಧ್ವನಿಗೆ ಮಾತ್ರವಲ್ಲ, ಭದ್ರವಿಲ್ಲದ ತಿಳಿವಳಿಕೆಗೂ ಸಲ್ಲುತ್ತದೆ. ಅದಕ್ಕೆ ಉದಾಹರಣೆಯನ್ನು ಕೇಳಿದಾಗಲೆಲ್ಲ ನಾನು ಮಕ್ಕಳಿಗೆ ಕೊಡುತ್ತಿದ್ದ ವಾಕ್ಯ ಒಂದೇ: "ಮೈ ಇಂಗ್ಲಿಷ್ ವಾಸ್ ಶೇಕಿ."