ದೊಡ್ಡ ಜಾತಿಯ ನಾಯಿಮರಿಯ ಊಟ

ನಾಯಿಗೆ ಅನ್ನವಿಕ್ಕುವುದು ನಮ್ಮ ಮನೆಗಳಿಗೆ ಹೊಸ ಧರ್ಮವೇನೂ ಅಲ್ಲ. ಎಲ್ಲರ ಊಟವಾದ ಮೇಲೆ ಹಿತ್ತಿಲ ಬಾಗಿಲಲ್ಲಿ ಒಂದು ಹಿಡಿ ಅನ್ನ, ಅದರ ಮೇಲೆ ಒಂದಿಷ್ಟು ಮಜ್ಜಿಗೆ. ಇಷ್ಟಕ್ಕೇ ಬಾಲವಾಡಿಸಿ ಬೀದಿಯ ನಾಯಿಗಳು ತಲೆತಲಾಂತರದಿಂದ ನಮ್ಮ ಬಾಗಿಲು ಕಾದಿವೆ. ಹೀಗಿರಲು ನಾಯಿಯ ಆಹಾರವನ್ನು ಕುರಿತು ಒಂದು ಲೇಖನವನ್ನೇ ಬರೆಯಬೇಕೆ ಎಂದು ವಾಚಕ ಮಹಾಶಯರು ಕೇಳಿದರೆ ಆಶ್ಚರ್ಯವಿಲ್ಲ. ಆದರೆ ಈಚೆಗೆ ನಮ್ಮ ಪಟ್ಟಣಗಳ ಮನೆಗಳನ್ನು ಸೇರುತ್ತಿರುವ ಜರ್ಮನ್ ಷೆಪರ್ಡ್, ಲ್ಯಾಬ್ರಡಾರ್, ಗ್ರೇಟ್ ಡೇನ್ ಮೊದಲಾದ ದೊಡ್ಡ ಜಾತಿಯ ಮರಿಗಳ ವಿಷಯವೇ ಬೇರೆ. ಮನುಷ್ಯನ ಶಿಶು ಹುಟ್ಟಿದ ಒಂದು ವರ್ಷಕ್ಕೆ ತನ್ನ ತೂಕದ ಮೂರರಷ್ಟಾದರೆ ನಾವು ದೃಷ್ಟಿ ತೆಗೆಯುತ್ತೇವೆ. ಜರ್ಮನ್ ಷೆಪರ್ಡ್ ಮರಿಯೋ, ಹುಟ್ಟಿದಾಗ ಅರ್ಧ ಕಿಲೋವಿನ ಆಸುಪಾಸಿನಲ್ಲಿದ್ದುದು ಒಂದೂವರೆ ವರ್ಷದೊಳಗೆ ೩೦ ಕಿಲೋ ದಾಟುತ್ತದೆ. ಇಷ್ಟು ಅವಸರದಲ್ಲಿ ಕಟ್ಟುವ ಮನೆಯ ಅಡಿಪಾಯವನ್ನು ಎಷ್ಟು ಎಚ್ಚರಿಕೆಯಿಂದ ನೋಡಿಕೊಳ್ಳಬೇಕೆಂಬುದನ್ನು ಗೃಹಸ್ಥರಿಗೆ ಬಿಡಿಸಿ ಹೇಳಬೇಕಾದುದಿಲ್ಲ.

ನಮ್ಮ ಮನೆಗೆ ಇಂತಹ ಮರಿಯೊಂದು ಎಂಟು ವಾರದ ಪ್ರಾಯದಲ್ಲಿ ಬಂದಿತು. ಮಕ್ಕಳು ಅದಕ್ಕೆ ಭೀಮನೆಂದು ಹೆಸರಿಟ್ಟರು. ಹೆಸರಿಟ್ಟ ಮೇಲೆ ಹೆಸರಿಗೆ ತಕ್ಕಂತೆ ಉಣ್ಣಿಸಬೇಕೆಂದು ಹಠವನ್ನೂ ಹಿಡಿದರು. ಬಂದವರೆಲ್ಲರ ಬಾಯಲ್ಲಿಯೂ ಒಂದೊಂದು ಉಪದೇಶ. “ಹಾಲನ್ನ ಹಾಕಿ, ಮಗುವಿಗಿಂತ ಬೇರೆಯೇ ಅದು?” ಎಂದು ನಮ್ಮ ತಾಯಿಯವರು. “ದಿನಕ್ಕೆ ನಾಲ್ಕು ಮೊಟ್ಟೆ” ಎಂದು ಒಬ್ಬ ಮಿತ್ರರು. “ಎಲುಬು ಬಲಿಯಬೇಕಾದರೆ ಕ್ಯಾಲ್ಸಿಯಂ ಟಾನಿಕ್ಕು ಬಿಟ್ಟರೆ ಬೇರೆ ಗತಿಯಿಲ್ಲ” ಎಂದು ಇನ್ನೊಬ್ಬರು. ಮರಿ ಎಷ್ಟು ಬೇಗ ದೊಡ್ಡದಾದರೆ ಅಷ್ಟು ಒಳ್ಳೆಯದೆಂಬುದರಲ್ಲಿ ಮಾತ್ರ ಎಲ್ಲರದೂ ಒಂದೇ ಮತ.

ಈ ಮತವನ್ನು ಒಪ್ಪದಂತೆ ನಮ್ಮನ್ನು ತಡೆದುದು ನಮ್ಮ ಬೀದಿಯಲ್ಲಿಯೇ ಕಂಡ ಒಂದು ದೃಶ್ಯ. ಅಲ್ಲಿನ ಗೃಹಸ್ಥರೊಬ್ಬರ ಮನೆಯಲ್ಲಿ ಗ್ರೇಟ್ ಡೇನ್ ಮರಿಯೊಂದಿತ್ತು. ಅಕ್ಕರೆಗೆ ಅಲ್ಲಿ ಏನೂ ಕೊರತೆಯಿರಲಿಲ್ಲ. ಮರಿಗಳಿಗಾಗಿಯೇ ತಯಾರಿಸಿದ ಪೂರ್ಣಾಹಾರ, ಅದರ ಮೇಲೆ ಹಾಲು, ಅದರ ಮೇಲೆ ಟಾನಿಕ್ಕು, ಬಟ್ಟಲು ಬರಿದಾದೊಡನೆ ಮತ್ತೊಂದು ಬಟ್ಟಲು. ಐದನೆಯ ತಿಂಗಳಲ್ಲಿ ಅದರ ಮುಂಗಾಲುಗಳು ಬಿಲ್ಲಿನಂತೆ ಬಾಗಿದುವು. ಮೆಟ್ಟಿಲ ಬುಡದಲ್ಲಿ ನಿಂತು ಮೇಲಕ್ಕೆ ನೋಡುವುದೇ ಹೊರತು ಹತ್ತಲಾರದು. ಪಶುವೈದ್ಯರು ಮೊದಲು ಬರೆದುಕೊಟ್ಟ ಚಿಕಿತ್ಸೆಯೆಂದರೆ ಟಾನಿಕ್ಕನ್ನು ನಿಲ್ಲಿಸಿ ಊಟವನ್ನು ಇಳಿಸುವುದು. ಕಾಲು ಒಂದಿಷ್ಟು ನೆಟ್ಟಗಾಯಿತು, ಪೂರ್ತಿ ನೆಟ್ಟಗಾಗಲಿಲ್ಲ.

ಇದರ ಕಾರಣ ಸರಳವಾದುದು. ಬಲಿತ ನಾಯಿಯ ಕರುಳು ತನಗೆ ಬೇಕಾದಷ್ಟು ಕ್ಯಾಲ್ಸಿಯಂ, ಎಂದರೆ ಸುಣ್ಣದಂಶವನ್ನು ಹೀರಿಕೊಂಡು ಮಿಕ್ಕುದನ್ನು ಹೊರಕ್ಕೆ ಕಳುಹಿಸಬಲ್ಲುದು. ಆರು ತಿಂಗಳೊಳಗಿನ ಎಳೆಯ ಮರಿಗೆ ಈ ವಿವೇಚನೆ ಇನ್ನೂ ಬಂದಿರುವುದಿಲ್ಲ. ಆಹಾರದಲ್ಲಿ ಹೆಚ್ಚು ಬಂದರೆ ಮೈಗೂ ಹೆಚ್ಚೇ ಸೇರುತ್ತದೆ. ಆಗ ಎಲುಬಿನ ತುದಿಯಲ್ಲಿ ಮೃದ್ವಸ್ಥಿಯು ಗಟ್ಟಿ ಎಲುಬಾಗುವ ಕ್ರಮವೇ ಕೆಡುತ್ತದೆ. ಹಾಲೆಂಡಿನ ಉಟ್ರೆಕ್ಟ್ ನಗರದ ಸಂಶೋಧಕರು ಗ್ರೇಟ್ ಡೇನ್ ಮರಿಗಳಲ್ಲಿ ಇದನ್ನು ಪರೀಕ್ಷಿಸಿ ೧೯೮೫ರಲ್ಲಿ ಪ್ರಕಟಿಸಿದರು. ಅದಕ್ಕೂ ಮೊದಲು, ೧೯೭೪ರಲ್ಲಿ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದವರು ಅದೇ ಜಾತಿಯ ಮರಿಗಳಿಗೆ ಪುಷ್ಟಿಕರವಾದ ಆಹಾರವನ್ನು ಬೇಕಾದಷ್ಟು ತಿನ್ನಬಿಟ್ಟಾಗ, ಮಿತವಾಗಿ ಉಂಡ ಮರಿಗಳಿಗಿಂತ ಅವುಗಳ ಎಲುಬು ಕೀಲುಗಳು ಹೆಚ್ಚು ಕೆಟ್ಟುದನ್ನು ತೋರಿಸಿದ್ದರು. ಮೈಯ ಭಾರ ಮುಂದೆ ಓಡಿ ಎಲುಬಿನ ಬಲ ಹಿಂದೆ ಉಳಿದರೆ ಕೀಲುಗಳು ಆ ಹೊರೆಯನ್ನು ಹೇಗೆ ತಾಳಿಯಾವು?

ಹಾಗೆಂದು ಸುಣ್ಣದಂಶವೇ ಶತ್ರುವೆಂದು ಯಾರೂ ಭಾವಿಸಬಾರದು. ಅದರ ಕೊರತೆಯೂ ಅಷ್ಟೇ ಕ್ರೂರವಾದುದು. ಬರಿಯ ಕೋಳಿಮಾಂಸ ಮತ್ತು ಅನ್ನವನ್ನು ತಿಂದು ಬೆಳೆಯುವ ಮರಿಗೆ ರಂಜಕ, ಎಂದರೆ ಫಾಸ್ಫರಸ್, ಬೇಕಾದಷ್ಟು ದೊರೆತು ಸುಣ್ಣದಂಶ ಸಾಲದೆ ಹೋಗುತ್ತದೆ. ಆಗ ಮೈ ತನ್ನ ಎಲುಬಿನಿಂದಲೇ ಅದನ್ನು ಕಿತ್ತುಕೊಳ್ಳುತ್ತದೆ, ಎಲುಬು ಮೆತ್ತಗಾಗಿ ಮುರಿಯುತ್ತದೆ. ಮೊಸರನ್ನವನ್ನೇ ನಂಬಿದರೆ ಮಾಂಸಖಂಡಗಳಿಗೆ ಬೇಕಾದ ಪ್ರೋಟೀನು ಸಾಲದು. ನಮ್ಮ ರಾಗಿಯಲ್ಲಿ ಸುಣ್ಣದಂಶ ಹೇರಳವಾಗಿದೆಯೆಂಬುದು ನಿಜ. ಆದರೆ ಅದರಲ್ಲಿರುವ ಫೈಟೇಟ್ ಎಂಬ ವಸ್ತು ಅದನ್ನು ಪೂರ್ತಿಯಾಗಿ ಮೈಗೆ ಹತ್ತಗೊಡುವುದಿಲ್ಲ. ಆದುದರಿಂದ ಮನೆಯಲ್ಲಿಯೇ ಅಟ್ಟು ಹಾಕಬೇಕೆನ್ನುವವರು ಪಶು ಆಹಾರಶಾಸ್ತ್ರ ಬಲ್ಲ ವೈದ್ಯರಿಂದ ತೂಕ ಸಹಿತವಾಗಿ ಪಟ್ಟಿ ಬರೆಸಿಕೊಂಡು, ಅದರಂತೆಯೇ ನಡೆಯುವುದು ಕ್ಷೇಮ. ಅಂದಾಜಿನ ಅಡಿಗೆ ದೊಡ್ಡವರ ನಾಲಗೆಗೆ ಸರಿ, ಬೆಳೆಯುವ ಎಲುಬಿಗೆ ಸರಿಯಲ್ಲ.

ನಮ್ಮ ಮನೆಯಲ್ಲಿ ಮಾಂಸ ಬೇಯಿಸುವ ಪದ್ಧತಿಯಿಲ್ಲ. ಹಾಗಾಗಿ ತಯಾರಾಗಿ ಬರುವ ಒಣ ಆಹಾರವನ್ನೇ ಕೊಳ್ಳಬೇಕಾಯಿತು. ಅದರಲ್ಲಿಯೂ ಕೋಳಿ ಇದೆಯೆಂದು ತಿಳಿದಾಗ ತಾಯಿಯವರ ಮುಖ ಬಾಡಿತು. ಎರಡು ದಿನ ಮನೆಯಲ್ಲಿ ಬಿಗುವಾದ ಮೌನ. ಮೂರನೆಯ ದಿನ ಅವರೇ ಆ ಬೀದಿಯ ಮರಿಯನ್ನು ನೋಡಿಬಂದು, “ಅದರ ಜಾತಿಧರ್ಮ ಅದಕ್ಕೆ, ನಮ್ಮದು ನಮಗೆ. ಡಬ್ಬ ಮಾತ್ರ ಹಿತ್ತಿಲ ಜಗುಲಿಯಲ್ಲಿರಲಿ” ಎಂದು ತೀರ್ಪಿತ್ತರು. ಅಟ್ಟದ ಮೇಲಿದ್ದ ಹಳೆಯ ತಗಡಿನ ಪಾವೊಂದನ್ನು ಅವರೇ ಇಳಿಸಿ ಕೊಟ್ಟರು. ಅದರಲ್ಲಿ ಎಷ್ಟು ಗ್ರಾಂ ಹಿಡಿಯುತ್ತದೆಂದು ತೂಗಿ ನೋಡಿ ಗೆರೆ ಎಳೆದಿಟ್ಟೆವು. ಅಂದಿನಿಂದ ಮಕ್ಕಳು ಗೆರೆ ಮೀರಿ ಒಂದು ಕಾಳು ಹಾಕಿದರೂ ಮೊದಲು ಗದರುವವರು ತಾಯಿಯವರೇ.

ಅಂಗಡಿಯಲ್ಲಿ ಆಹಾರವನ್ನು ಆರಿಸುವಾಗ ಚೀಲದ ಮೇಲಿನ ಚಿತ್ರವನ್ನಲ್ಲ, ಹಿಂಬದಿಯ ಸಣ್ಣ ಅಕ್ಷರಗಳನ್ನು ಓದತಕ್ಕುದು. ಬೆಳೆಯುವ ಮರಿಗೆ ಅದು ಪೂರ್ಣಾಹಾರವೆಂದೂ, ದೊಡ್ಡ ಜಾತಿಯ ಮರಿಗಳಿಗೂ ಸಲ್ಲುತ್ತದೆಂದೂ ಸ್ಪಷ್ಟವಾಗಿ ಬರೆದಿರಬೇಕು. ಅಮೆರಿಕದ ಮೇವು ನಿಯಂತ್ರಣಾಧಿಕಾರಿಗಳ ಸಂಘದವರು ಬಲಿತಾಗ ಸುಮಾರು ೩೨ ಕಿಲೋ ಅಥವಾ ಅದಕ್ಕಿಂತ ಹೆಚ್ಚು ತೂಗುವ ನಾಯಿಯನ್ನು ದೊಡ್ಡದೆಂದು ಗಣಿಸಿದ್ದಾರೆ. ಇಂತಹ ಮರಿಯ ಆಹಾರದಲ್ಲಿ, ನೀರಿನಂಶವನ್ನು ಕಳೆದು ಲೆಕ್ಕ ಹಾಕಿದಾಗ, ಸುಣ್ಣದಂಶ ನೂರಕ್ಕೆ ೧.೨ಕ್ಕೆ ಕಡಮೆಯಾಗದೆ ೧.೮ಕ್ಕೆ ಮೀರದೆ ಇರಬೇಕು. ಅದು ರಂಜಕಕ್ಕಿಂತ ಕಡಮೆಯಿರಬಾರದು, ಅದರ ಎರಡರಷ್ಟಕ್ಕಿಂತ ಹೆಚ್ಚಿರಲೂ ಬಾರದು. ಇಂತಹ ಆಹಾರ ದೊರೆತ ಮೇಲೆ, ವೈದ್ಯರು ಹೇಳಿದ ಹೊರತು, ಟಾನಿಕ್ಕಾಗಲಿ ಎಲುಬಿನ ಪುಡಿಯಾಗಲಿ ಬೇಡವೇ ಬೇಡ. ಹಳೆಯ ಆಹಾರದಿಂದ ಹೊಸದಕ್ಕೆ ಒಂದು ವಾರದಲ್ಲಿ ಸ್ವಲ್ಪಸ್ವಲ್ಪವಾಗಿ ಬದಲಾಯಿಸಬೇಕು. ಇಲ್ಲವಾದರೆ ಹೊಟ್ಟೆ ಕೆಡುತ್ತದೆ. ಮರಿಯ ಆಹಾರವನ್ನು ಒಂದರಿಂದ ಒಂದೂವರೆ ವರ್ಷದವರೆಗೆ, ಗ್ರೇಟ್ ಡೇನಿನಂತಹ ಭಾರಿ ಜಾತಿಗಾದರೆ ಇನ್ನೂ ಕೆಲವು ತಿಂಗಳು, ಮುಂದುವರಿಸುವುದುಂಟು.

ಎಷ್ಟು ಹಾಕಬೇಕೆಂಬುದಕ್ಕೆ ಚೀಲದ ಮೇಲಿನ ಅಂಕಿ ಆರಂಭ ಮಾತ್ರ. ಮುಂದಿನದನ್ನು ನಮ್ಮ ಕೈಯೇ ಹೇಳಬೇಕು. ಮರಿಯ ಪಕ್ಕೆಯ ಮೇಲೆ ಕೈಯಾಡಿಸಿದರೆ, ಒತ್ತದೆಯೇ ಎಲುಬುಗಳು ಬೆರಳಿಗೆ ತಿಳಿಯಬೇಕು. ಮೇಲಿನಿಂದ ನೋಡಿದರೆ ಸೊಂಟ ಕಿರಿದಾಗಿ ಕಾಣಬೇಕು. ಎಲುಬು ತಿಳಿಯದಿದ್ದರೆ ಊಟ ಹೆಚ್ಚಾಯಿತೆಂದು ಅರ್ಥ. ವಾರಕ್ಕೊಮ್ಮೆ ತೂಗಿ ಬರೆದಿಡುವುದು ಒಳ್ಳೆಯದು. ನಾಲ್ಕು ತಿಂಗಳವರೆಗೆ ದಿನಕ್ಕೆ ಮೂರು ನಾಲ್ಕು ಸಲ, ಆರು ತಿಂಗಳವರೆಗೆ ಮೂರು ಸಲ, ಆಮೇಲೆ ಎರಡು ಸಲ ಹಂಚಿ ಹಾಕಬೇಕು. ಎದೆ ಆಳವಾದ ದೊಡ್ಡ ನಾಯಿಗಳಿಗೆ ಹೊಟ್ಟೆಯುಬ್ಬಿ ಜಠರವೇ ತಿರುಚಿಕೊಳ್ಳುವ ಪ್ರಾಣಾಂತಿಕ ವ್ಯಾಧಿಯೊಂದುಂಟು. ಆದುದರಿಂದ ಒಮ್ಮೆಗೇ ಹೊಟ್ಟೆ ಬಿರಿಯ ತಿನ್ನಿಸುವುದೂ ತಿಂದೊಡನೆ ಓಡಿಸುವುದೂ ಕೂಡದು.

ಹಬ್ಬದ ದಿನ ಒಂದು ಎಚ್ಚರ ವಿಶೇಷವಾಗಿ ಬೇಕು. ಪಾಯಸದೊಳಗಿನ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಗಳಿಗೆ ವಿಷ. ಹುಳಿ ಪಲ್ಯಗಳ ಈರುಳ್ಳಿ ಬೆಳ್ಳುಳ್ಳಿ ಅದರ ರಕ್ತಕ್ಕೆ ವಿಷ. ಚಾಕೊಲೇಟಂತೂ ಸರಿಯೇ ಸರಿ. ಬೆಂದ ಎಲುಬು ಸೀಳಿ ಗಂಟಲನ್ನೂ ಕರುಳನ್ನೂ ಚುಚ್ಚುತ್ತದೆ. ನೆಂಟರು ಎಲೆಯಿಂದ ಎತ್ತಿ ಹಾಕುವ ತುತ್ತನ್ನು ನಯವಾಗಿಯೇ ತಡೆಯಬೇಕು.

೨೦೦೨ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ೪೮ ಲ್ಯಾಬ್ರಡಾರ್‌ಗಳನ್ನು ಮರಿಗಳಾಗಿದ್ದಾಗಿನಿಂದ ಜೀವಮಾನವೆಲ್ಲ ನೋಡಿದರು. ಒಡಹುಟ್ಟಿದ ಜೋಡಿಗಳಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಕಾಲು ಭಾಗ ಕಡಮೆ ಊಟ. ಕಡಮೆ ಉಂಡವುಗಳ ಮಧ್ಯಮ ಆಯುಷ್ಯ ೧೩ ವರ್ಷ. ಹೆಚ್ಚು ಉಂಡವುಗಳದು ೧೧.೨. ಕೀಲುನೋವೂ ಅವುಗಳಿಗೆ ತಡವಾಗಿ ಬಂದಿತು. ಸುಮಾರು ಎರಡು ವರ್ಷದ ಆಯುಷ್ಯವೆಂದರೆ ನಾಯಿಯ ಬಾಳಿನಲ್ಲಿ ಅಲ್ಪವಲ್ಲ. ಮರಿಯ ಕಣ್ಣು ಇನ್ನೂ ಬೇಕೆಂದು ಬೇಡುವಾಗ ಡಬ್ಬದ ಮುಚ್ಚಳ ಹಾಕುವುದು ಕಷ್ಟವೇ ಸರಿ. ಆದರೆ ಹಾಗೆ ಮುಚ್ಚುವ ಮನೆಯಲ್ಲಿ ಆ ಮರಿ ಮುಂದೆ ಹತ್ತು ವರ್ಷ ಮೆಟ್ಟಿಲನ್ನು ನೋವಿಲ್ಲದೆ ಹತ್ತಿ ಇಳಿಯಲೆಂದು ಹಾರೈಸುತ್ತೇವೆ.