ದೆಹಲಿಗೆ ಬಂದ ಮುಧೋಳದ ಜೋಡಿ

ಮುಧೋಳದಿಂದ ಸೊಲ್ಲಾಪುರಕ್ಕೆ ಜೀಪು, ಅಲ್ಲಿಂದ ಕರ್ನಾಟಕ ಎಕ್ಸ್‌ಪ್ರೆಸ್. ಹೊಸ ನೌಕರಿ, ಹೊಸ ಊರು. ಪ್ರದರ್ಶನಕ್ಕೆಂದು ಬೆಳೆಸಿದ ಎರಡು ನಾಯಿಗಳನ್ನು ಬಿಟ್ಟುಬರುವ ಮಾತೇ ಇರಲಿಲ್ಲ. ನಾನು, ಮನೆಯಾಕೆ ಅವುಗಳ ಸಲುವಾಗಿಯೇ ಫಸ್ಟ್ ಎಸಿಯ ಇಡೀ ಕೂಪೆ ಹಿಡಿದೆವು. ಪಾತ್ರೆ-ಪಡಗ ಲಾರಿಯಲ್ಲಿ ಬಂತು.

ಗಿಡ್ಡ ಕೂದಲು, ಮೈಯಲ್ಲಿ ಕೊಬ್ಬಿಲ್ಲ. ದೆಹಲಿಯ ಜನವರಿಗೆ ಕಂಬಳಿ ಹೊದಿಸಲೇಬೇಕು. ಪಾರ್ಕಿನಲ್ಲಿ ‘ಖಾನಾ ನಹೀ ದೇತೇ ಕ್ಯಾ?’ ಎಂದು ಗದರುತ್ತಾರೆ. ಬೇಟೆನಾಯಿಯ ಮೈಕಟ್ಟೇ ಹೀಗೆ ಎಂದು ಹೇಳಿ ಹೇಳಿ ಸಾಕಾಗಿದೆ.

2005ರ ಅಂಚೆಚೀಟಿಯಲ್ಲಿ ಇದು ಮುಧೋಳ ನಾಯಿ. ಕೆನಲ್ ಕ್ಲಬ್ ಆಫ್ ಇಂಡಿಯಾದ ದಾಖಲೆಯಲ್ಲಿ ಮಾತ್ರ ಕ್ಯಾರವಾನ್ ಹೌಂಡ್! ರಿಂಗಿಗೆ ಕರೆಯುವುದೂ ಆ ಹೆಸರಿನಿಂದಲೇ. ಒಳಗೆ ಹೋದಮೇಲೆ ನಾನು ಮೆಲ್ಲಗೆ, ‘ನಿಂದ್ರೋ ತಮ್ಮಾ’ ಅಂತೀನಿ. ನಿಲ್ಲುತ್ತಾನೆ.