ನಾನು ಎರಡು ದಿನ ಮೇಷ್ಟ್ರಾದದ್ದು

ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳುವುದಕ್ಕೆ ಮನುಷ್ಯ ಎಷ್ಟು ಓದಿರಬೇಕು? ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಆದುದರಿಂದ ರಜೆಯಲ್ಲಿ ಊರಿಗೆ ಹೋದರೆ ಸಾಕು, ಬ್ಯಾಂಕಿನ ಕಾಗದದಿಂದ ಹಿಡಿದು ಎಮ್ಮೆಯ ಕಾಯಿಲೆಯವರೆಗೆ ಎಲ್ಲಕ್ಕೂ ನನ್ನನ್ನೇ ಕೇಳುತ್ತಾರೆ. ನಾನೂ ಏನಾದರೊಂದು ಹೇಳುತ್ತೇನೆ. ಡಿಗ್ರಿ ಓದುವ ಹುಡುಗ ಬಾಯಿ ಬಿಡದೆ ಕುಳಿತರೆ ಅಪ್ಪನ ಮರ್ಯಾದೆಯ ಗತಿಯೇನು? ಈ ಅಭ್ಯಾಸವೇ ನನ್ನನ್ನು ಒಂದು ದಿನ ಬಾಹ್ಯಾಕಾಶದವರೆಗೂ ಏರಿಸಿ, ಅಲ್ಲಿಂದ ಕೆಳಕ್ಕೆ ಕೆಡವಿತು.

2025ರ ಆಗಸ್ಟ್ 23, ಶನಿವಾರ. 2023ರಲ್ಲಿ ಅದೇ ದಿನ ಚಂದ್ರಯಾನ-3 ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿಯಿತಷ್ಟೆ. ಅದರ ನೆನಪಿಗೆ ರಾಷ್ಟ್ರೀಯ ಬಾಹ್ಯಾಕಾಶ ದಿನ. ನಾನು ಓದಿದ ಊರ ಶಾಲೆಯ ಮುಖ್ಯೋಪಾಧ್ಯಾಯರು ಹೇಳಿಕಳುಹಿಸಿದ್ದರು: "ನೀನು ಇತಿಹಾಸದ ವಿದ್ಯಾರ್ಥಿ. ಬಾಹ್ಯಾಕಾಶಕ್ಕೂ ಒಂದು ಇತಿಹಾಸವಿದೆ. ಬಂದು ಮಕ್ಕಳಿಗೆ ಹೇಳಪ್ಪ." ಬೆಳಿಗ್ಗೆ ಬೀದಿಯಲ್ಲಿ 'ಅಣ್ಣ' ಆಗಿದ್ದವನು ಹತ್ತು ಗಂಟೆಗೆ ಕರಿಹಲಗೆಯ ಮುಂದೆ ನಿಂತು 'ಸಾರ್' ಆದೆ. ಗಾರೆ ಕೆಲಸಕ್ಕೆ ಹೋಗುವ ನಮ್ಮಪ್ಪ ಅಂದು ಅರ್ಧ ದಿನದ ಕೂಲಿ ಬಿಟ್ಟು ಬಂದು ಹೊರಗೆ ಕಿಟಕಿಯ ಬಳಿ ನಿಂತಿದ್ದರು.

ಇತಿಹಾಸದ ವಿದ್ಯಾರ್ಥಿಗೆ ಇಸವಿಗಳೇ ಆಸರೆ. 1957ರ ಅಕ್ಟೋಬರ್ 4, ಸ್ಪುಟ್ನಿಕ್. 1961ರ ಏಪ್ರಿಲ್ 12, ಯೂರಿ ಗಗಾರಿನ್. 1963ರ ನವೆಂಬರ್ 21, ತುಂಬಾದಿಂದ ಹಾರಿದ ಮೊದಲ ರಾಕೆಟ್. 1969ರ ಜುಲೈ, ಚಂದ್ರನ ಮೇಲೆ ಮನುಷ್ಯನ ಪಾದ. ನಾನು ಬರೆದೆ, ಮಕ್ಕಳು ಬರೆದುಕೊಂಡರು, ಹಿಂದಿನ ಬೆಂಚಿನಲ್ಲಿ ಒಬ್ಬ ಆಕಳಿಸಿದ. 1975ರ ಏಪ್ರಿಲ್ 19ಕ್ಕೆ ಬಂದಾಗ ಮಾತ್ರ ಕೋಣೆಗೆ ಜೀವ ಬಂತು. ಭಾರತದ ಮೊದಲ ಉಪಗ್ರಹ ಆರ್ಯಭಟವನ್ನು ಕಟ್ಟಿದ್ದು ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ. ಅದರ ಮುಂದಾಳು ಉಡುಪಿಯ ಹತ್ತಿರದ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಎಂದೆ. ನಮ್ಮೂರ ಹುಡುಗರು ಕೆಲಸ ಹುಡುಕಿಕೊಂಡು ಹೋಗುವುದು ಆ ಪೀಣ್ಯಕ್ಕೇ. "ನಮ್ ಚಿಕ್ಕಪ್ಪ ಇರೋ ಪೀಣ್ಯಾನಾ ಸಾ?" ಎಂದು ಒಬ್ಬ ಎದ್ದು ನಿಂತ. ಆಕಳಿಸಿದವನೂ ನೆಟ್ಟಗೆ ಕುಳಿತ.

ಹುರುಪಿನಿಂದ ಫೋನಿನಲ್ಲಿ ಒಂದು ಚಿತ್ರ ತೋರಿಸಿದೆ. ಆ ವರ್ಷದ ಜೂನ್‌ನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿದ್ದ ಶುಭಾಂಶು ಶುಕ್ಲಾ ಗಾಳಿಯಲ್ಲಿ ತೇಲುತ್ತಿದ್ದರು. "ಯಾಕೆ ತೇಲ್ತಾರೆ?" ಎಂದರು ಮಕ್ಕಳು. "ಅಷ್ಟು ಮೇಲೆ ಭೂಮಿಯ ಆಕರ್ಷಣೆ ಇರುವುದಿಲ್ಲ" ಎಂದೆ ಥಟ್ಟನೆ.

ಏಳನೆಯ ತರಗತಿಯ ಹುಡುಗಿಯೊಬ್ಬಳು ಕೈಯೆತ್ತಿದಳು. "ಸಾ, ಚಂದ್ರ ಅದಕ್ಕಿಂತ ದೂರ ಅಲ್ವಾ? ಹಂಗಾದ್ರೆ ಅವನು ಭೂಮಿ ಬಿಟ್ಟು ಯಾಕೆ ಓಡಿಹೋಗಲ್ಲ?"

ನನ್ನ ನಾಲಿಗೆ ಒಣಗಿತು. ಮುಖ್ಯೋಪಾಧ್ಯಾಯರು ನೋಡುತ್ತಿದ್ದರು, ಕಿಟಕಿಯಲ್ಲಿ ಅಪ್ಪ. "ಅದನ್ನೆಲ್ಲ ಮುಂದಿನ ಕ್ಲಾಸಿನಲ್ಲಿ ಓದ್ತೀಯ. ಕೂತ್ಕೊ" ಎಂದೆ. ಅವಳು ಕುಳಿತಳು. ಮತ್ತೆ ಕೈಯೆತ್ತಲಿಲ್ಲ, ಬೇರೆ ಯಾರೂ ಎತ್ತಲಿಲ್ಲ. ಕೊನೆಗೆ ಚಪ್ಪಾಳೆಯೇನೋ ಜೋರಾಗಿಯೇ ಬಿತ್ತು.

ಮನೆಗೆ ಬರುವ ದಾರಿಯಲ್ಲಿ ಅಪ್ಪ ಕೇಳಿದರು: "ಚೆನ್ನಾಗಿ ಹೇಳ್ದೆ ಕಣಪ್ಪ. ಆದ್ರೆ ಆ ಮಗು ಏನೋ ಕೇಳ್ತಲ್ಲ, ಅದಕ್ಕೇನು ಉತ್ತರ?"

"ಅದು ದೊಡ್ಡ ವಿಷಯ ಅಪ್ಪ" ಎಂದೆ. ಒಂದೇ ದಿನದಲ್ಲಿ ಎರಡನೆಯ ಸಲ 'ಕೂತ್ಕೊ' ಎಂದ ಹಾಗಾಯಿತು. ಅಪ್ಪನಿಗೆ ಹಾಗೆ ಹೇಳಿಸಿಕೊಂಡು ಅಭ್ಯಾಸವಿದೆ, ಕಚೇರಿಗಳಲ್ಲಿ ಕೇಳಿದ್ದಾರೆ. ಮನೆಯಲ್ಲಿ ಕೇಳಿದ್ದು ಅದೇ ಮೊದಲು.

ಹಾಸ್ಟೆಲಿಗೆ ಮರಳಿದ ಮೇಲೆ, ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿ ಬಿ.ಎ.ಗೆ ಬಂದ ನನ್ನ ಕೋಣೆಯ ಮಿತ್ರನಿಗೆ ಎಲ್ಲವನ್ನೂ ಹೇಳಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಆ ನಿಲ್ದಾಣವಿರುವುದು ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ. ನೆಲದ ಮೇಲಿನ ಆಕರ್ಷಣೆಯ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಅಲ್ಲಿಯೂ ಇದೆ! "ಅವರು ತೇಲ್ತಾ ಇಲ್ಲ ಕಣೋ, ಬೀಳ್ತಾ ಇದಾರೆ" ಎಂದು ಅವನು ಒಂದು ಬಾಟಲಿಗೆ ತೂತು ಮಾಡಿ ಮಹಡಿ ಹತ್ತಿದ. ಅಲ್ಲಿ ಕಂಡದ್ದನ್ನು ಮುಂದೆ ಹೇಳುತ್ತೇನೆ.

ಮೂರು ದಿನ ನನ್ನೊಳಗೆ ವ್ಯಾಜ್ಯ ನಡೆಯಿತು. ಮಕ್ಕಳು ಮರೆತಿರುತ್ತಾರೆ ಎಂದು ಒಂದು ಮನಸ್ಸು. ಹೋಗಿ ತಪ್ಪೊಪ್ಪಿಕೊಂಡರೆ, ಇವನ ಓದು ಇಷ್ಟೇ ಎಂದು ಊರು ನಗುತ್ತದೆಂದೂ ಅದೇ ಮನಸ್ಸು. ಆದರೆ ಕುಳಿತ ಹುಡುಗಿ ಕಣ್ಣಿಂದ ಮರೆಯಾಗಲಿಲ್ಲ. ಗಣೇಶನ ಹಬ್ಬಕ್ಕೆ ಊರಿಗೆ ಹೋದವನು ಅಪ್ಪನಿಗೆ ನಿಜ ಹೇಳಿದೆ. ಅವರು ಬೇರೇನೂ ಅನ್ನಲಿಲ್ಲ; "ಏಣಿ ನಾನು ತರ್ತೀನಿ" ಎಂದರು.

ಆ ಶನಿವಾರ ಮಕ್ಕಳನ್ನೆಲ್ಲ ಶಾಲೆಯ ಅಂಗಳದಲ್ಲಿ ನಿಲ್ಲಿಸಿ, "ಹೋದ ವಾರ ನಾನು ಹೇಳಿದ್ದು ತಪ್ಪು. ಇವಳು ಕೇಳಿದ್ದು ಸರಿ" ಎಂದೆ. ಹಳೆಯ ಎಣ್ಣೆ ಡಬ್ಬದ ತಳದ ಬಳಿ ಮೊಳೆಯಿಂದ ತೂತು ಹೊಡೆದು ನೀರು ತುಂಬಿದೆವು. ಅಪ್ಪ ಅದನ್ನು ಹಿಡಿದು ಏಣಿ ಹತ್ತಿದರು. ತೂತಿನಿಂದ ನೀರು ಚಿಮ್ಮುತ್ತಿತ್ತು. "ಬಿಡಿ" ಎಂದೆ. ಡಬ್ಬ ಬೀಳುವಷ್ಟು ಹೊತ್ತು ನೀರು ನಿಂತುಹೋಯಿತು! ನಾಲ್ಕು ಸಲ ಬೀಳಿಸಿ ನೋಡಿದೆವು, ನಾಲ್ಕು ಸಲವೂ ಹಾಗೆಯೇ. ಹಿಡಿದ ಡಬ್ಬದಲ್ಲಿ ನೀರಿನ ಭಾರ ನೀರನ್ನು ಹೊರಕ್ಕೆ ಒತ್ತುತ್ತದೆ. ಡಬ್ಬವೂ ನೀರೂ ಕೂಡಿ ಬೀಳುವಾಗ ಯಾವುದೂ ಯಾವುದನ್ನೂ ಒತ್ತುವುದಿಲ್ಲ. ನಿಲ್ದಾಣವೂ ಅದರೊಳಗಿನ ಮನುಷ್ಯನೂ ಹಾಗೆಯೇ ಕೂಡಿ ಬೀಳುತ್ತಿದ್ದಾರೆ.

"ಮತ್ತೆ ನೆಲಕ್ಕೆ ಯಾಕೆ ಬಡಿಯಲ್ಲ?" ಎಂದಳು ಅವಳು. ಈ ಸಲ ಉತ್ತರವಿತ್ತು. ನಿಲ್ದಾಣ ಗಂಟೆಗೆ ಸುಮಾರು 28,000 ಕಿಲೋಮೀಟರ್ ವೇಗದಲ್ಲಿ ಅಡ್ಡಕ್ಕೆ ಓಡುತ್ತದೆ. ಅದು ಬಿದ್ದಷ್ಟೂ ದುಂಡನೆಯ ಭೂಮಿ ಕೆಳಗೆ ಬಾಗಿಕೊಳ್ಳುತ್ತದೆ. ಸುಮಾರು 3,84,000 ಕಿಲೋಮೀಟರ್ ದೂರದ ಚಂದ್ರನೂ ಹೀಗೆಯೇ ಬೀಳುತ್ತಿದ್ದಾನೆ. ಅವನನ್ನು ಓಡಿಹೋಗದಂತೆ ಹಿಡಿದಿರುವುದು ಭೂಮಿಯ ಆಕರ್ಷಣೆಯೇ. ನ್ಯೂಟನ್ ಇದನ್ನು ಹದಿನೇಳನೆಯ ಶತಮಾನದಲ್ಲೇ ಕಂಡಿದ್ದ. ಕಂಡದ್ದನ್ನು ಮಾಡಿ ತೋರಿಸಿದ್ದು 1957ರಲ್ಲಿ, ಸ್ಪುಟ್ನಿಕ್. ನಾನು ಹಲಗೆಯ ಮೇಲೆ ಬರೆದಿದ್ದ ಇಸವಿಗಳಿಗೆ ನನಗೇ ಅಂದು ಅರ್ಥ ತಿಳಿಯಿತು. 2019ರಲ್ಲಿ ಚಂದ್ರಯಾನ-2ರ ವಿಕ್ರಮ್ ಮೆಲ್ಲಗಿಳಿಯಲಾರದೆ ಚಂದ್ರನಿಗೆ ಬಡಿಯಿತು. ಎಲ್ಲಿ ತಪ್ಪಿತೆಂದು ಹುಡುಕಿ, ತಿದ್ದಿ, 2023ರಲ್ಲಿ ಇಳಿಸಿದರು. ತಪ್ಪನ್ನು ಮುಚ್ಚಿಟ್ಟಿದ್ದರೆ ಇಳಿಯುತ್ತಿತ್ತೇ?

ಮುಂದಿನದನ್ನೂ ಹೇಳಿದೆ: 2035ಕ್ಕೆ ಭಾರತದ್ದೇ ಒಂದು ನಿಲ್ದಾಣ, 2040ಕ್ಕೆ ಚಂದ್ರನ ಮೇಲೆ ಭಾರತೀಯರು, ಇದು ಸರ್ಕಾರ ಇಟ್ಟುಕೊಂಡಿರುವ ಗುರಿ. ಆ ಹುಡುಗಿ ಬೆರಳು ಮಡಿಸಿ ಲೆಕ್ಕ ಹಾಕಿ, "ಆಗ ನಂಗೆ ಇಪ್ಪತ್ತೇಳು ಅಣ್ಣ" ಎಂದಳು. ನಾನು ಮತ್ತೆ ಅಣ್ಣನಾಗಿದ್ದೆ. 'ಸಾರ್' ಹೋದದ್ದಕ್ಕೆ ನನಗೇನೂ ನಷ್ಟವೆನಿಸಲಿಲ್ಲ.

ಸಂಜೆ ಜಗಲಿಯಲ್ಲಿ ಕುಳಿತು ಅಪ್ಪ ಚಂದ್ರನನ್ನು ಬಹಳ ಹೊತ್ತು ನೋಡಿದರು. "ಬೀಳ್ತಾನೇ ಇದಾನೆ ಅಂತೀಯ" ಎಂದರು. ಆಮೇಲೆ ಇನ್ನೊಂದು ಪ್ರಶ್ನೆ ಕೇಳಿದರು: "ಅವನನ್ನ ಮೊದಲು ಅಡ್ಡಕ್ಕೆ ತಳ್ಳಿದೋರು ಯಾರು?"

"ಗೊತ್ತಿಲ್ಲ ಅಪ್ಪ. ಓದಿ ಹೇಳ್ತೀನಿ" ಎಂದೆ. ಮೂರು ವರ್ಷದ ಬಿ.ಎ. ಓದಿನಲ್ಲಿ ನಾನು ಧೈರ್ಯವಾಗಿ ಕೊಟ್ಟ ಉತ್ತರವೆಂದರೆ ಬಹುಶಃ ಅದೊಂದೇ.